ಗೇರ್ ಗಟ್ಟಿ, ಸದ್ದು ಜೋರು: ಇಂಜಿನ್ ಬಿಚ್ಚಿಸೋ ಮುಂಚೆ ನೋಡ್ಬೇಕಾದ್ದು

ಈ ತಿಂಗಳು ಬಂದಿರೋ ಪತ್ರಗಳಲ್ಲಿ ಗೇರ್ ಬಗ್ಗೆ ಇರೋದೇ ಜಾಸ್ತಿ. ಹಾಗಾಗಿ ಮೈಲೇಜ್, ಬ್ಯಾಟರಿ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಪೂರ್ತಿ ಜಾಗ ಗೇರ್‌ಗೇ ಕೊಟ್ಟಿದೀನಿ. ಗಾಡಿ ಕಂಪನಿ ಹೆಸರುಗಳನ್ನ ತೆಗೆದಿದೀನಿ, ಯಾಕಂದ್ರೆ ಈ ತೊಂದರೆ ಯಾವ ಕಂಪನಿ ಗಾಡಿಗಾದ್ರೂ ಬರುತ್ತೆ. ಹಳೇ ಜಾವಾ, ಹಳೇ ಬುಲೆಟ್ ಎರಡನ್ನ ಮಾತ್ರ ಹೆಸರು ಹೇಳ್ದೆ ಉತ್ತರ ಕೊಡೋಕಾಗಲ್ಲ.

ಪ್ರಶ್ನೆ: ನಮಸ್ಕಾರ ಸರ್. ನಂದು 125 ಸಿಸಿ ಗಾಡಿ, ಐದು ಗೇರ್, 38,000 ಕಿಲೋಮೀಟರ್ ಓಡಿದೆ. ಫಸ್ಟ್ ಹಾಕಿದ್ರೆ ತಡ್ ಅಂತ ಜೋರಾಗಿ ಸದ್ದು ಬರುತ್ತೆ, ಸೆಕೆಂಡ್‌ನಿಂದ ಥರ್ಡ್‌ಗೆ ಕಾಲಲ್ಲಿ ಒದ್ದಂಗೆ ಒತ್ತಬೇಕು, ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗೋದೇ ಇಲ್ಲ. ಮೆಕ್ಯಾನಿಕ್ ಗೇರ್‌ಬಾಕ್ಸ್ ಹೋಗಿದೆ, ಫುಲ್ ಇಂಜಿನ್ ಬಿಚ್ಚಬೇಕು ಅಂತಿದಾರೆ. ಬಿಚ್ಚಿಸ್ಲಾ?
— ತಿಪಟೂರಿನ ಓದುಗರು

ಉತ್ತರ: ಈಗಲೇ ಬೇಡ ಸರ್. ನೀವು ಬರೆದಿರೋ ಮೂರು ಲಕ್ಷಣದಲ್ಲಿ ಒಂದೂ ಗೇರ್‌ಬಾಕ್ಸ್ ಒಳಗಡೆ ಹೋಗಿದೆ ಅಂತ ಖಚಿತವಾಗಿ ಹೇಳಲ್ಲ, ಬದಲಿಗೆ ಮೂರೂ ಸೇರಿ ಕ್ಲಚ್ ಪೂರ್ತಿ ಬಿಡ್ತಿಲ್ಲ, ಅಂದ್ರೆ ಹಿಡಿದ್ರೂ ಇಂಜಿನ್‌ನ ಗೇರ್‌ನಿಂದ ಪೂರ್ತಿ ಬೇರೆ ಮಾಡ್ತಿಲ್ಲ, ಅಂತ ಹೇಳ್ತಿವೆ.

ಒಳಗೆ ಏನಾಗುತ್ತೆ ಅಂತ ಸ್ವಲ್ಪ ತಿಳ್ಕೊಂಡ್ರೆ ಮೆಕ್ಯಾನಿಕ್ ಹತ್ರ ಮಾತಾಡೋದು ಸುಲಭ ಆಗುತ್ತೆ. ನಮ್ಮ ಗಾಡಿಗಳ ಗೇರ್‌ಬಾಕ್ಸ್‌ನಲ್ಲಿ ಗೇರ್ ಚಕ್ರಗಳು ಯಾವಾಗ್ಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗ್ತಾ ಇರ್ತವೆ, ನೀವು ಲಿವರ್ ಒತ್ತಿದಾಗ ಹೊಸದಾಗಿ ಹಲ್ಲಿಗೆ ಹಲ್ಲು ಕೂರೋದಲ್ಲ, ಒಂದು ಚಕ್ರ ಶಾಫ್ಟ್ ಮೇಲೆ ಪಕ್ಕಕ್ಕೆ ಜಾರಿ ಅದರ ಮೈಮೇಲಿರೋ ದಪ್ಪ ಮುಂಚಾಚುಗಳು, ಅಂದ್ರೆ ಡಾಗ್‌ಗಳು, ಪಕ್ಕದ ಚಕ್ರದ ತೂತಿಗೆ ಹೋಗಿ ಸಿಕ್ಕಿಕೊಳ್ತವೆ. ಗಾಡಿ ನಿಂತಿದ್ದು ಇಂಜಿನ್ ಓಡ್ತಿದ್ದಾಗ ಒಂದು ಶಾಫ್ಟ್ ತಿರುಗ್ತಿರುತ್ತೆ, ಚೈನ್ ಕಡೆ ಶಾಫ್ಟ್ ನಿಂತಿರುತ್ತೆ, ಫಸ್ಟ್ ಹಾಕಿದ ಕ್ಷಣ ತಿರುಗ್ತಿರೋದನ್ನ ನಿಂತಿರೋದು ಹಿಡಿದು ನಿಲ್ಲಿಸುತ್ತೆ, ಆ ಪೆಟ್ಟೇ ನಿಮಗೆ ಕೇಳೋ ಸದ್ದು. ಸಣ್ಣದಾಗಿ ಟಕ್ ಅನ್ನೋದು ಹೊಸ ಗಾಡಿಯಲ್ಲೂ ಇರುತ್ತೆ, ಅದು ರೋಗ ಅಲ್ಲ. ಕ್ಲಚ್ ಹಿಡಿದಾಗ ಪ್ಲೇಟ್‌ಗಳು ಪೂರ್ತಿ ಬೇರೆ ಆಗದೆ ಒಂಚೂರು ಎಳೀತಾನೇ ಇದ್ರೆ ಮಾತ್ರ ಅದು ತಡ್ ಆಗುತ್ತೆ, ನ್ಯೂಟ್ರಲ್‌ಗೆ ಬರೋವಾಗ ಡಾಗ್ ಮೇಲೆ ಒತ್ತಡ ಉಳ್ಕೊಂಡು ಹೊರಗೆ ಜಾರೋಕೇ ಬಿಡಲ್ಲ.

ಇವತ್ತೇ ಮನೇಲಿ ಮಾಡಬಹುದಾದ ಒಂದು ಪರೀಕ್ಷೆ ಹೇಳ್ತೀನಿ. ಇಂಜಿನ್ ಆಫ್ ಮಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ, ಒಂದು ಕೈಯಲ್ಲಿ ಹಿಂದಿನ ಟೈರ್ ಹಿಡಿದು ಮುಂದೆ ಹಿಂದೆ ನಿಧಾನಕ್ಕೆ ತಿರುಗಿಸ್ತಾ ಇನ್ನೊಂದು ಕೈಯಲ್ಲೇ ಗೇರ್ ಲಿವರ್ ಒತ್ತಿ ಫಸ್ಟ್‌ನಿಂದ ಟಾಪ್‌ಗೆ, ಟಾಪ್‌ನಿಂದ ವಾಪಸ್ ಫಸ್ಟ್‌ಗೆ ಬನ್ನಿ. ಚೈನ್ ಹತ್ರ ಬೆರಳು ಬೇಡ. ಎಲ್ಲಾ ಗೇರ್ ಸಲೀಸಾಗಿ ಬಿದ್ವು ಅಂದ್ರೆ ಒಳಗೆ ಗೇರ್ ಚಕ್ರ ಸರಿಸೋ ಫೋರ್ಕು, ಆ ಫೋರ್ಕನ್ನ ಆಡಿಸೋ ಡ್ರಮ್ಮು, ಲಿವರ್ ಕಡೆ ದೊಡ್ಡ ತೊಂದರೆ ಏನಿಲ್ಲ, ಇಂಜಿನ್ ಓಡಿದಾಗ ಮಾತ್ರ ಗಟ್ಟಿ ಅಂದ್ರೆ ಅದು ಕ್ಲಚ್ಚು ಇಲ್ಲಾ ಆಯಿಲ್ಲು. ಇಂಜಿನ್ ಆಫ್ ಇದ್ದಾಗ್ಲೂ ಗಟ್ಟಿ ಇದ್ರೆ ಆಗ ಲಿವರ್, ಗೇರ್ ಶಾಫ್ಟ್ ಕಡೆ ಹೋಗಬೇಕು. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗದೇ ಇದ್ದಾಗ ಒಂದ್ಸಲ ಇಂಜಿನ್ ಆಫ್ ಮಾಡಿ ಲಿವರ್ ಮುಟ್ಟಿ ನೋಡಿ, ತಕ್ಷಣ ಮೀಟರ್‌ನಲ್ಲಿ ನ್ಯೂಟ್ರಲ್‌ನ ಹಸಿರು ಲೈಟ್ ಬಂತು ಅಂದ್ರೆ ಇನ್ನೇನೂ ಯೋಚ್ನೆ ಮಾಡೋದು ಬೇಡ, ಕ್ಲಚ್ಚೇ. ಇನ್ನೊಂದು ಗುರುತು, ಸಮತಟ್ಟು ರೋಡಲ್ಲಿ ಫಸ್ಟ್ ಹಾಕಿ ಕ್ಲಚ್ ಪೂರ್ತಿ ಹಿಡಿದಿದ್ರೂ ಗಾಡಿ ಮುಂದಕ್ಕೆ ತೆವಳ್ತಾ ಇರುತ್ತೆ.

ಈಗ ಕ್ಲಚ್ ಲಿವರ್ ನೋಡಿ. ಲಿವರ್ ತುದಿಯಲ್ಲಿ ಒಂದು ಸ್ಕೇಲ್ ಹಿಡಿದು ಬೆರಳಲ್ಲಿ ಮೆತ್ತಗೆ ಎಳೀರಿ, ಕೇಬಲ್ ಬಿಗಿ ಆಗೋವರೆಗೂ ಸುಮ್ನೆ ಬರೋ ಆಟ ಇರುತ್ತಲ್ಲ ಅದು ನಿಮ್ಮ ಥರದ ಗಾಡಿಗಳಿಗೆ ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್ ಇರಬೇಕು, ಸರಿಯಾದ ಅಳತೆ ಗಾಡಿ ಜೊತೆ ಬಂದ ಪುಸ್ತಕದಲ್ಲಿರುತ್ತೆ. ಆಟ ಜಾಸ್ತಿ ಇದ್ರೆ ನೀವು ಲಿವರ್ ಎಳೆಯೋದರಲ್ಲಿ ಅರ್ಧ ಆ ಸಡಿಲ ತುಂಬೋಕೇ ಹೋಗುತ್ತೆ, ಪ್ಲೇಟ್ ಬಿಡಿಸೋಕೆ ಉಳಿಯೋದು ಅರ್ಧಾನೇ. ಹಾಗಂತ ಆಟ ಪೂರ್ತಿ ತೆಗೆದುಬಿಡಬೇಡಿ, ಆಗ ಕ್ಲಚ್ ಸದಾ ಅರ್ಧ ಹಿಡಿದಂಗೆ ಇದ್ದು ಪ್ಲೇಟ್ ಜಾರಿ ಸುಟ್ಟು ಹೋಗುತ್ತೆ. ಹ್ಯಾಂಡಲ್ ಹತ್ರ ಇರೋ ಅಡ್ಜಸ್ಟರ್ ಸಣ್ಣ ಬದಲಾವಣೆಗೆ, ಇಂಜಿನ್ ಹತ್ರ ಇರೋ ಎರಡು ನಟ್‌ಗಳು ದೊಡ್ಡದಕ್ಕೆ. ಮಾಡಿದ್ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಆಟ ಅಷ್ಟೇ ಇದೆಯಾ ನೋಡಿ, ಒಂದು ಕಡೆ ತಿರುಗಿಸಿದಾಗ ಬಿಗಿಯಾದ್ರೆ ಕೇಬಲ್ ಹೆಡ್‌ಲೈಟ್ ಹಿಂದೆ ಎಲ್ಲೋ ಮಡಚಿದೆ ಅಂತ ಅರ್ಥ.

ಹಾಗೇ ಲಿವರ್ ಬಿಚ್ಚಿ ಅದರ ಪಿವಟ್ ಬೋಲ್ಟ್ ನೋಡೋಕೆ ಹೇಳಿ. ಇದನ್ನ ಬಹಳ ಜನ ನೋಡೋದೇ ಇಲ್ಲ. ವರ್ಷಾನುಗಟ್ಟಲೆ ಗ್ರೀಸ್ ಕಾಣದ ಬೋಲ್ಟ್ ನಡುವಲ್ಲಿ ಸವೆದು ಸಣ್ಣಗಾಗಿರುತ್ತೆ, ಲಿವರ್‌ನ ತೂತು ದುಂಡಗಿರೋದು ಮೊಟ್ಟೆಯಾಕಾರ ಆಗಿರುತ್ತೆ, ಹಾಗಾಗಿ ಲಿವರ್ ಎಳೆದ್ರೆ ಮೊದಲು ಅದೇ ಮುಂದಕ್ಕೆ ಸರಿಯುತ್ತೆ, ಆಮೇಲೆ ಕೇಬಲ್ ಎಳೆಯುತ್ತೆ. ಕೇಬಲ್ ತುದಿಯ ಗುಂಡು ಕೂರೋ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿ, ತಂತಿಯ ಒಂದೇ ಒಂದು ಎಳೆ ಕಿತ್ತು ಮೇಲೆದ್ದಿದ್ರೂ ಕೇಬಲ್ ಬದಲಾಯಿಸಿ, ಅದು ಹೇಗೂ ಕಿತ್ತೇ ಕೀಳುತ್ತೆ, ಅದೂ ಊರಿಂದ ದೂರ ಇದ್ದಾಗ್ಲೇ.

ಇನ್ನು ಆಯಿಲ್. ನಮ್ಮ ನಾಲ್ಕು ಸ್ಟ್ರೋಕ್ ಗಾಡಿಗಳಲ್ಲಿ ಇಂಜಿನ್‌ಗೂ ಕ್ಲಚ್‌ಗೂ ಗೇರ್‌ಗೂ ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಆಯಿಲ್. ಗೇರ್ ಹಲ್ಲುಗಳು ಅದನ್ನ ಅರೆದು ಅರೆದು ತೆಳು ಮಾಡ್ತವೆ, ಹಾಗಾಗಿ ಆಯಿಲ್ ಬದಲಾಯಿಸಿದ ಹೊಸದರಲ್ಲಿ ಗೇರ್ ನಯವಾಗಿದ್ದು ಬರ್ತಾ ಬರ್ತಾ ಗಟ್ಟಿಯಾದ್ರೆ ಅದು ಆಯಿಲ್ ಮುಗೀತು ಅನ್ನೋ ಸೂಚನೆ. ಪುಸ್ತಕದಲ್ಲಿ 10ಡಬ್ಲ್ಯೂ-30 ಅಂತಿದ್ರೆ ಅದನ್ನೇ ಹಾಕಿ, ದಪ್ಪ ಇದ್ರೆ ಇಂಜಿನ್‌ಗೆ ಒಳ್ಳೇದು ಅಂತ 20ಡಬ್ಲ್ಯೂ-50 ಹಾಕಿಸೋರು ಬಹಳ ಜನ, ಬೆಳಿಗ್ಗೆ ತಣ್ಣಗಿದ್ದಾಗ ಆ ದಪ್ಪ ಆಯಿಲ್ಲೇ ಪ್ಲೇಟ್‌ಗಳನ್ನ ಅಂಟಿಸಿ ಇಟ್ಕೊಳ್ಳುತ್ತೆ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಲೇಬೇಕು, ಆಯಿಲ್‌ನಲ್ಲಿ ಮುಳುಗಿರೋ ಕ್ಲಚ್‌ಗೆ ಹೊಂದುತ್ತೆ ಅನ್ನೋ ಗುರುತು ಅದು. ಎಂಬಿ ಅಂತಿರೋದು ಸ್ಕೂಟರ್‌ಗಳಿಗೆ. ಕಾರ್ ಆಯಿಲ್ ಬೇಡವೇ ಬೇಡ, ಪೆಟ್ರೋಲ್ ಉಳಿಸೋಕೆ ಅಂತ ಅದರಲ್ಲಿ ಜಾರಿಕೆ ಹೆಚ್ಚಿಸೋ ಅಂಶ ಸೇರಿಸಿರ್ತಾರೆ, ಕ್ಲಚ್ ಜಾರೋಕೆ ಶುರುವಾಗುತ್ತೆ.

ಇಷ್ಟೆಲ್ಲಾ ಆದ್ಮೇಲೂ ಸರಿಹೋಗ್ಲಿಲ್ಲ ಅಂದ್ರೆ ಆಗ ಬಿಚ್ಚಬೇಕಾಗಿರೋದು ಕ್ಲಚ್ ಕಡೆಯ ಒಂದು ಕವರ್ ಮಾತ್ರ, ಫುಲ್ ಇಂಜಿನ್ ಅಲ್ಲ. ಅಲ್ಲಿ ಕ್ಲಚ್ ಹೌಸಿಂಗ್‌ನ, ಅಂದ್ರೆ ಪ್ಲೇಟ್‌ಗಳು ಕೂರೋ ಬಟ್ಟಲಿನ, ಬೆರಳುಗಳನ್ನ ನೀವೇ ನಿಂತು ನೋಡಿ. ಪ್ಲೇಟ್‌ಗಳ ಕಿವಿಗಳು ವರ್ಷಗಟ್ಟಲೆ ಬಡಿದು ಬಡಿದು ಅಲ್ಲಿ ಸಾಲಾಗಿ ಗುಳಿ ಬಿದ್ದಿರುತ್ತೆ, ಉಗುರು ಎಳೆದ್ರೆ ಟಕ ಟಕ ಅಂತ ಸಿಗುತ್ತೆ, ಕ್ಲಚ್ ಹಿಡಿದಾಗ ಪ್ಲೇಟ್‌ಗಳು ಜಾರಿ ದೂರ ಹೋಗೋ ಬದಲು ಆ ಗುಳಿಗಳಲ್ಲೇ ಸಿಕ್ಕಿಕೊಂಡು ಕೂರ್ತವೆ. ಗುಳಿ ಮೇಲ್ಮೇಲೆ ಇದ್ರೆ ಅರದಲ್ಲಿ ಸವರಿ ನಯ ಮಾಡಬಹುದು, ಆಳ ಇದ್ರೆ ಹೌಸಿಂಗ್ ಬದಲಾಯಿಸಿ. ಸ್ಟೀಲ್ ಪ್ಲೇಟ್‌ಗಳನ್ನ ಗಾಜಿನ ಮೇಲೆ ಇಟ್ಟು ಸೊಟ್ಟಗಾಗಿದೆಯಾ ನೋಡಿಸಿ. ತುಂಬಾ ಗಾಡಿಗಳಲ್ಲಿ ಗೇರ್ ಶಾಫ್ಟ್‌ನ ರಿಟರ್ನ್ ಸ್ಪ್ರಿಂಗ್, ಡ್ರಮ್ ತುದಿಯ ಸ್ಟಾರ್ ಇವೂ ಅದೇ ಕವರ್ ಹಿಂದೇನೇ ಇರ್ತವೆ, ಕ್ಲಚ್ ಬಿಚ್ಚಿದ್ರೆ ಕೈಗೆ ಸಿಕ್ತವೆ. ಮೆಕ್ಯಾನಿಕ್‌ಗೆ ಒಂದು ಮಾತು ಕೇಳಿ, ಯಾವ ಲಕ್ಷಣ ನೋಡಿ ಗೇರ್‌ಬಾಕ್ಸ್ ಹೋಗಿದೆ ಅಂದ್ರಿ ಅಂತ. ಗೊತ್ತಿರೋರು ಬೇಜಾರು ಮಾಡ್ಕೊಳ್ಳದೆ ಹೇಳ್ತಾರೆ.

ಪ್ರಶ್ನೆ: ಸರ, ನಮ್ಮದು ಹುಬ್ಬಳ್ಳಿ ರೀ. ಮುಂಜಾನೆ ಗಾಡಿ ಚಾಲೂ ಮಾಡಿ ಫಸ್ಟ್ ಗೇರ್ ಹಾಕಿದ್ರ ಧಡ್ ಅಂತ ಸಪ್ಪಳ ಬಂದು ಗಾಡಿ ಮುಂದಕ್ಕ ಜಿಗೀತದ ರೀ. ಆಮ್ಯಾಲೆ ದಿನಾ ಪೂರ್ತಿ ಏನೂ ಇರಂಗಿಲ್ಲ. ಏನ್ ಮಾಡಬೇಕ್ರಿ?
— ಹುಬ್ಬಳ್ಳಿಯ ಓದುಗರು

ಉತ್ತರ: ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟ್‌ಗಳ ಮಧ್ಯೆ ಆಯಿಲ್ ಗಟ್ಟಿಯಾಗಿ ಅಂಟಿಕೊಂಡಿರುತ್ತೆ, ಅದ್ರ ಜೊತೆ ಚೋಕ್ ಎಳೆದಿದ್ರೆ ಅಥವಾ ಎಫ್‌ಐ, ಅಂದ್ರೆ ಫ್ಯುಯೆಲ್ ಇಂಜೆಕ್ಷನ್ ಗಾಡಿ ಆಗಿದ್ರೆ ತಣ್ಣಗಿದ್ದಾಗ ಇಂಜಿನ್ ಜೋರಾಗೇ ಓಡ್ತಿರುತ್ತೆ, ಎರಡೂ ಸೇರಿ ಆ ಪೆಟ್ಟು. ಚಾಲೂ ಮಾಡಿದ ಕೂಡ್ಲೇ ಗೇರ್ ಹಾಕಬೇಡ್ರಿ, ಇಂಜಿನ್ ಸದ್ದು ಇಳಿಯೋವರೆಗೂ ನಿಲ್ಲಿ, ಕ್ಲಚ್ ಹಿಡಿದು ಮನಸ್ಸಲ್ಲಿ ಮೂರು ಎಣಿಸಿ ಆಮೇಲೆ ಫಸ್ಟ್ ಹಾಕಿ. ಬಿಸಿಯಾದ್ಮೇಲೂ ಸ್ಲೋ, ಅಂದ್ರೆ ಆಕ್ಸಿಲರೇಟರ್ ಕೊಡದೆ ಇಂಜಿನ್ ಓಡೋ ವೇಗ, ಜಾಸ್ತಿ ಅನ್ನಿಸಿದ್ರೆ ಅದನ್ನ ಸರಿ ಮಾಡಿಸಿ, ಸಣ್ಣ ಗಾಡಿಗಳಿಗೆ 1,400 ಆರ್‌ಪಿಎಂ ಆಸುಪಾಸು ಇದ್ರೆ ಸಾಕು. ದಿನಾ ಪೂರ್ತಿ ತೊಂದರೆ ಇಲ್ಲ ಅಂತ ಬರೆದಿದೀರಿ, ಹಾಗಿದ್ರೆ ದುಡ್ಡು ಖರ್ಚು ಮಾಡೋ ಅಂಥದ್ದೇನೂ ಇಲ್ರಿ.

ಪ್ರಶ್ನೆ: ಸರ್, ನಾನು ದಿನಾ ಗಾಡಿಯಲ್ಲೇ ಕಾಲೇಜಿಗೆ ಪಾಠ ಮಾಡೋಕೆ ಹೋಗ್ತೀನಿ, ಗಾಡಿ ಅಪ್ಪ ಓಡಿಸ್ತಿದ್ದದ್ದು. ಸೆಕೆಂಡ್ ಹಾಕಿ ಆಕ್ಸಿಲರೇಟರ್ ಕೊಟ್ರೆ ಕಟಕ್ ಅಂತ ತಾನಾಗೇ ನ್ಯೂಟ್ರಲ್‌ಗೆ ಬಂದ್ಬಿಡುತ್ತೆ. ಗ್ಯಾರೇಜಲ್ಲಿ ಕೇಳಿದ್ರೆ, ಮೇಡಂ ನೀವು ಗಟ್ಟಿಯಾಗಿ ಒತ್ತಲ್ಲ ಅದಕ್ಕೇ, ಅಂತಾರೆ. ನಿಜವಾಗ್ಲೂ ನನ್ನ ತಪ್ಪಾ?
— ತೀರ್ಥಹಳ್ಳಿಯ ಓದುಗರು

ಉತ್ತರ: ನಿಮ್ಮ ತಪ್ಪಲ್ಲ ಮೇಡಂ. ಒಂದೆರಡು ಸಲ ಅರ್ಧ ಬಿದ್ದು ವಾಪಸ್ ಬಂದ್ರೆ ಒತ್ತಿದ್ದು ಸಾಲ್ಲಿಲ್ಲ ಅನ್ನಬಹುದು, ಗೇರ್ ಬಿದ್ದು ಗಾಡಿ ಎಳೆಯೋಕೆ ಶುರು ಮಾಡಿದ್ಮೇಲೆ ಭಾರ ಬಿದ್ದಾಗ ಪ್ರತೀ ಸಲ ಹಾರಿ ಬರ್ತಿದೆ ಅಂದ್ರೆ ಅದು ಸವೆತ. ತಿಪಟೂರಿನವರಿಗೆ ಇಂಜಿನ್ ಬಿಚ್ಚಿಸ್ಬೇಡಿ ಅಂದೆ, ನಿಮಗೆ ಬಿಚ್ಚಿಸಿ ಅಂತ ಹೇಳ್ತಿದೀನಿ, ಅದೂ ತಡ ಮಾಡದೆ. ನೀವಿರೋದು ಘಾಟಿ ಪಕ್ಕದಲ್ಲಿ. ಆಗುಂಬೆ ಇಳಿಯೋವಾಗ ಸೆಕೆಂಡ್ ಗೇರ್ ಹಿಡಿತದ ಮೇಲೆ ಗಾಡಿ ಇಳಿಸ್ತೀವಿ, ಆ ಹೇರ್‌ಪಿನ್ ತಿರುವಲ್ಲಿ ಗೇರ್ ಹಾರಿ ನ್ಯೂಟ್ರಲ್ ಆಯ್ತು ಅಂದ್ರೆ ಇಂಜಿನ್ ಹಿಡಿತ ಪೂರ್ತಿ ಹೋಗಿ ಎಲ್ಲಾ ಭಾರ ಬ್ರೇಕ್ ಮೇಲೆ ಬೀಳುತ್ತೆ. ಸರಿ ಮಾಡಿಸೋವರೆಗೂ ಆ ಗಾಡಿ ಘಾಟಿಗೆ ತಗೊಂಡು ಹೋಗ್ಲೇಬೇಡಿ.

ಬಿಚ್ಚೋ ಮುಂಚೆ ಹೊರಗಿನದ್ದು ಎರಡು ನೋಡಿಸಿ. ಗೇರ್ ಲಿವರ್ ಕೆಳಗೆ ಹೋಗೋವಾಗ ಲೆಗ್‌ಗಾರ್ಡ್‌ಗೋ ಫುಟ್‌ರೆಸ್ಟ್‌ಗೋ ತಾಗುತ್ತಾ, ಗಾಡಿ ಯಾವಾಗ್ಲಾದ್ರೂ ಎಡಕ್ಕೆ ಬಿದ್ದಿದ್ರೆ ಲಿವರ್ ಒಳಗೆ ಬಗ್ಗಿರುತ್ತೆ, ಗೇರ್ ಪೂರ್ತಿ ಕೂರೋ ಮುಂಚೇನೇ ಅಡ್ಡ ಸಿಗುತ್ತೆ. ಆಮೇಲೆ ಲಿವರ್ ಒಳಗಿನ ಗೀರು ಹಲ್ಲುಗಳು ಸವೆದು ಶಾಫ್ಟ್ ಮೇಲೆ ಜಾರ್ತಿದೆಯಾ ಅಂತ. ಇವೆರಡೂ ಸರಿ ಇದ್ರೆ ಉಳಿಯೋದು ಒಳಗಿನದ್ದೇ.

ಗೇರ್ ಆಚೆ ಬಂದಾಗ ನೀವೇ ಕೈಯಲ್ಲಿ ಹಿಡಿದು ನೋಡಿ, ಹಳೇ ಸಾಮಾನು ನನಗೆ ತೋರಿಸ್ಬೇಕು ಅಂತ ಮೊದಲೇ ಹೇಳಿಡಿ. ಹೊಸ ಡಾಗ್‌ನ ಅಂಚು ಚೂಪಾಗಿ, ಬುಡದ ಕಡೆ ಒಂಚೂರು ಒಳಗೆ ಕೊರೆದಂಗೆ ಇರುತ್ತೆ, ಭಾರ ಬಿದ್ದಷ್ಟೂ ಎರಡೂ ಒಂದನ್ನೊಂದು ಒಳಗೆಳೆದುಕೊಳ್ಳಲಿ ಅಂತಾನೇ ಆ ಇಳಿಜಾರು ಕೊಟ್ಟಿರ್ತಾರೆ. ನಿಮ್ಮದರಲ್ಲಿ ಆ ಅಂಚು ಬಳಸಿ ಬಳಸಿ ಕರಗಿದ ಸೋಪಿನ ಥರ ದುಂಡಗಾಗಿ ಫಳಫಳ ಹೊಳೀತಿರುತ್ತೆ, ಭಾರ ಬಿದ್ದಷ್ಟೂ ಆಚೆ ತಳ್ಳುತ್ತೆ. ಡಾಗ್ ಸವೆದಿದ್ರೆ ಅದು ಸಿಕ್ಕಿಕೊಳ್ಳೋ ಇನ್ನೊಂದು ಚಕ್ರಾನೂ ಸವೆದಿರುತ್ತೆ, ಜೋಡಿಯಾಗೇ ಬದಲಾಯಿಸಿ, ಒಂದೇ ಹಾಕಿದ್ರೆ ಹೊಸದನ್ನೂ ಹಳೇದು ತಿಂದುಹಾಕುತ್ತೆ. ಗೇರ್ ಸರಿಸೋ ಫೋರ್ಕ್ ಬಗ್ಗಿದೆಯಾ, ಅದರ ತುದಿ ಒಂದು ಕಡೆ ಸುಟ್ಟು ನೀಲಿ ಬಣ್ಣಕ್ಕೆ ತಿರುಗಿದೆಯಾ ನೋಡಿ, ಹಾಗಿದ್ರೆ ಅದೂ ಹೊಸದು. ವೆಲ್ಡಿಂಗ್ ಮಾಡಿ ಅರದಲ್ಲಿ ಸಾಣೆ ಹಿಡಿದು ಕೊಡ್ತೀವಿ ಅಂದ್ರೆ ಒಪ್ಪಬೇಡಿ, ಬಿಸಿಗೆ ಆ ಲೋಹದ ಗಡಸುತನಾನೇ ಹೋಗುತ್ತೆ, ತುಂಡಾಗಿ ಹಲ್ಲುಗಳ ಮಧ್ಯೆ ಬಿದ್ರೆ ಗೇರ್‌ಬಾಕ್ಸ್ ಲಾಕ್ ಆಗಿ ಹಿಂದಿನ ಚಕ್ರ ಓಡ್ತಿದ್ದಂಗೇ ನಿಂತುಬಿಡುತ್ತೆ. ಇಂಜಿನ್ ಬಿಚ್ಚಿದಾಗ್ಲೇ ಆಯಿಲ್ ಸೀಲ್‌ಗಳು, ಗ್ಯಾಸ್ಕೆಟ್ ಎಲ್ಲಾ ಹೊಸದು ಹಾಕಿಸಿ, ಅದಕ್ಕೆ ಜಿಪುಣತನ ಮಾಡೋದು ಬೇಡ.

ಪ್ರಶ್ನೆ: ಗೇರ್ ಚೇಂಜ್ ಮಾಡಿದಾಗೆಲ್ಲಾ ಹಿಂದಿನಿಂದ ಟಡ್ ಅಂತ ಒಂದು ಹೊಡೆತ, ಜೊತೆಗೆ ಗಾಡಿ ಜರ್ಕ್ ಹೊಡೀತದೆ. ಕ್ಲಚ್ ಪ್ಲೇಟ್ ಹೊಸದು ಹಾಕಿಸಿದೆ, ಆಯಿಲ್ ಬದಲಾಯಿಸಿದೆ, ಏನೂ ವ್ಯತ್ಯಾಸ ಇಲ್ಲ. ಮಳೆಗಾಲದ ನಂತರ ಶುರುವಾದದ್ದು.
— ಪುತ್ತೂರಿನ ಓದುಗರು

ಉತ್ತರ: ಹಿಂದಿನಿಂದ ಅಂತ ನೀವೇ ಬರೆದಿದೀರಲ್ಲ, ಹಿಂದೆಯೇ ನೋಡಿ. ಚೈನ್ ಮತ್ತು ಹಬ್ ರಬ್ಬರ್. ನಿಮ್ಮ ಕಡೆ ಮಳೆಗೆ ಚೈನ್‌ನ ಎಣ್ಣೆ ನಿಲ್ಲೋದೇ ಇಲ್ಲ, ಕೆಂಪು ಮಣ್ಣು ಸೇರಿ ಅರೆಯುತ್ತೆ. ಕೆಳಗಿನ ಭಾಗದ ಮಧ್ಯದಲ್ಲಿ ಚೈನನ್ನ ಮೇಲೆ ಕೆಳಗೆ ಆಡಿಸಿದ್ರೆ ಹೆಚ್ಚಿನ ಸಾದಾ ಗಾಡಿಗಳಿಗೆ 20ರಿಂದ 30 ಮಿಲಿಮೀಟರ್ ಆಟ ಸಾಕು, ಹಿಂದಿನ ಚಕ್ರ ಹಿಡಿದಿರೋ ಸ್ವಿಂಗ್‌ಆರ್ಮ್ ಮೇಲೆ ಸ್ಟಿಕ್ಕರ್ ಇದ್ರೆ ಅದರಲ್ಲಿರೋ ಅಳತೇನೇ ಅಂತಿಮ. ಒಂದೇ ಕಡೆ ನೋಡಿ ಬಿಗಿ ಮಾಡಬೇಡಿ, ಚಕ್ರ ತಿರುಗಿಸ್ತಾ ನಾಲ್ಕೈದು ಕಡೆ ನೋಡಿ, ಒಂದು ಕಡೆ ಬಿಗಿ ಇನ್ನೊಂದು ಕಡೆ ಜೋತಾಡ್ತಿದೆ ಅಂದ್ರೆ ಚೈನ್ ಒಂದೇ ಸಮ ಹಿಗ್ಗಿಲ್ಲ, ಅದು ಅಡ್ಜಸ್ಟ್ ಮಾಡೋ ಹಂತ ದಾಟಿದೆ. ಹಿಂದಿನ ಸ್ಪ್ರಾಕೆಟ್‌ನ ಹಿಂಭಾಗದಲ್ಲಿ ಚೈನ್ ಹಿಡಿದು ಹಿಂದಕ್ಕೆ ಎಳೀರಿ, ಹಲ್ಲಿನಿಂದ ಎದ್ದು ಬಂದು ಅರ್ಧ ಹಲ್ಲು ಕಂಡ್ರೆ ಕಿಟ್ ಮುಗಿದಿದೆ. ಎರಡು ಸ್ಪ್ರಾಕೆಟ್, ಚೈನ್ ಮೂರೂ ಒಟ್ಟಿಗೇ ಬದಲಾಯಿಸಿ.

ಚೈನ್ ಚೆನ್ನಾಗೇ ಇದೆ ಅಂದ್ರೆ ಹಬ್ ರಬ್ಬರ್. ಹಿಂದಿನ ಸ್ಪ್ರಾಕೆಟ್‌ನ ಕೈಯಲ್ಲಿ ಹಿಡಿದು ಮುಂದೆ ಹಿಂದೆ ಅಲ್ಲಾಡಿಸಿ, ಚಕ್ರ ಅಲ್ಲಾಡದೆ ಸ್ಪ್ರಾಕೆಟ್ ಮಾತ್ರ ಸುಮ್ನೆ ಆಡ್ತು ಅಂದ್ರೆ ಒಳಗಿನ ರಬ್ಬರ್ ತುಂಡುಗಳು ಚಪ್ಪಟೆಯಾಗಿವೆ. ಗೇರ್ ಬದಲಾದಾಗ ಬರೋ ಹೊಡೆತ ತಡ್ಕೊಳ್ಳೋಕೆ ಅಂತಲೇ ಅವುಗಳನ್ನ ಇಟ್ಟಿರೋದು. ಹಿಂದಿನ ಚಕ್ರ ಬಿಚ್ಚಿದ್ರೆ ಕೆಲಸ ಆಯ್ತು, ಖರ್ಚೂ ಕಡಿಮೆ. ಕ್ಲಚ್ ಪ್ಲೇಟ್ ಹಾಕಿಸೋ ಮುಂಚೆ ಇದನ್ನ ನೋಡಿದ್ರೆ ನಿಮ್ಮ ದುಡ್ಡು ಉಳೀತಿತ್ತು, ಅದಕ್ಕೇ ಇಷ್ಟು ಉದ್ದ ಬರೆದೆ. ಇನ್ಮುಂದೆ 500 ಕಿಲೋಮೀಟರ್‌ಗೊಂದ್ಸಲ ಚೈನ್‌ಗೆ ಗೇರ್ ಆಯಿಲ್ಲೋ ಸ್ಪ್ರೇನೋ ಹಾಕಿ, ಮಳೆಗಾಲದಲ್ಲಿ ಅದಕ್ಕಿಂತ ಬೇಗ.

ಪ್ರಶ್ನೆ: ನಮ್ಮ ತಾತನ ಜಾವಾ 250 ಮತ್ತೆ ಓಡಿಸೋ ಹಂಗೆ ಮಾಡ್ಕೊಂಡಿದೀವಿ. ಗೇರ್ ಹಾಕೋವಾಗ ಕರ್ ಅಂತ ಕೊರೆದಂಗೆ ಸದ್ದು, ಕ್ಲಚ್ ಕೂಡಾ ಸರಿಯಾಗಿ ಬಿಡಲ್ಲ. ಪೆಟ್ರೋಲ್‌ಗೆ ಆಯಿಲ್ ಸರಿಯಾಗೇ ಹಾಕ್ತಿದೀವಿ.
— ಮೈಸೂರಿನ ಓದುಗರು

ಉತ್ತರ: ನಿಮ್ಮೂರಲ್ಲೇ ಹುಟ್ಟಿದ ಗಾಡಿ ಅದು. ಐಡಿಯಲ್ ಜಾವಾ ಕಾರ್ಖಾನೆ ಮೈಸೂರಲ್ಲಿ 1961ರಲ್ಲಿ ಗಾಡಿ ಮಾಡೋಕೆ ಶುರು ಮಾಡಿ 1996ರಲ್ಲಿ ಮುಚ್ತು, ಹಾಗಾಗಿ ಈ ಗಾಡಿ ಕೈಯಲ್ಲಿ ಬಿಚ್ಚಿ ಜೋಡಿಸಿ ಗೊತ್ತಿರೋ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ನಿಮ್ಮೂರಲ್ಲಿ ಸಿಕ್ತಾರೆ, ಹುಡುಕಿ. ಪೆಟ್ರೋಲ್‌ಗೆ ಹಾಕೋ ಆಯಿಲ್ ಪಿಸ್ಟನ್ ಕಡೆಗೆ ಮಾತ್ರ ಸರ್, ಗೇರ್‌ಬಾಕ್ಸ್‌ಗೆ ಅದು ಹೋಗೋದೇ ಇಲ್ಲ. ಟೂ ಸ್ಟ್ರೋಕ್‌ನಲ್ಲಿ ಗೇರ್‌ಬಾಕ್ಸ್ ಆಯಿಲ್ ಬೇರೇನೇ, ಕ್ಲಚ್ಚೂ ಅದರಲ್ಲೇ ಮುಳುಗಿರುತ್ತೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿರೋದುಂಟು, ಮೊದಲು ಅದನ್ನ ಪೂರ್ತಿ ಇಳಿಸಿ ಹೊಸದು ಹಾಕಿ. ಇನ್ನೊಂದು, ಜಾವಾದಲ್ಲಿ ಗೇರ್ ಲಿವರ್ ಒತ್ತಿದ್ರೇನೇ ಕ್ಲಚ್ ತಾನಾಗಿ ಬಿಡೋ ವ್ಯವಸ್ಥೆ ಇದೆ, ಕಿಕ್ ಮಾಡೋದೂ ಅದೇ ಲಿವರ್‌ನಲ್ಲೇ. ಆ ಒಳಗಿನ ಅಡ್ಜಸ್ಟ್ ತಪ್ಪಿದ್ರೆ ಕೈ ಕ್ಲಚ್ ಎಷ್ಟು ಬಿಗಿ ಮಾಡಿದ್ರೂ ಸರಿಹೋಗಲ್ಲ. ಮೊದಲು ಒಳಗಿನದ್ದು, ಆಮೇಲೆ ಕೇಬಲ್, ಈ ಕ್ರಮ ತಪ್ಪಿಸ್ಬೇಡಿ.

ಪ್ರಶ್ನೆ: ನಂದು ಬಲಗಡೆ ಗೇರ್ ಇರೋ ಹಳೇ ಬುಲೆಟ್. ಬೆಳಿಗ್ಗೆ ಫಸ್ಟ್ ಹಾಕಿದ್ರೆ ಗರ್ ಅನ್ನುತ್ತೆ, ಓಡ್ತಾ ಓಡ್ತಾ ಎರಡು ಮೂರರ ಮಧ್ಯೆ ಗೇರ್ ಸಿಗದೆ ಖಾಲಿ ಹೋಗುತ್ತೆ.
— ಮೂಡಿಗೆರೆಯ ಓದುಗರು

ಉತ್ತರ: ಬೆಳಿಗ್ಗೆ ಸದ್ದಿಗೆ ಹಳೇ ಬುಲೆಟ್‌ನವರೆಲ್ಲಾ ಮಾಡೋದೇ ಮಾಡಿ, ಸ್ಟಾರ್ಟ್ ಮಾಡೋ ಮುಂಚೆ ಕ್ಲಚ್ ಹಿಡಿದು ಎರಡು ಮೂರು ಸಲ ಕಿಕ್ ಒತ್ತಿ, ಆ ಗಾಡಿಯಲ್ಲಿ ಕಿಕ್ ಹೋಗೋದು ಗೇರ್‌ಬಾಕ್ಸ್, ಕ್ಲಚ್ ಮೂಲಕಾನೇ, ಹಾಗಾಗಿ ಅಂಟಿದ ಪ್ಲೇಟ್‌ಗಳು ಬಿಟ್ಕೊಳ್ತವೆ. ಮಧ್ಯದಲ್ಲಿ ಗೇರ್ ಸಿಗದೇ ಇರೋದಕ್ಕೆ ಗೇರ್‌ಬಾಕ್ಸ್ ಬಿಚ್ಚೋ ಮುಂಚೆ ಕಾಲು ಲಿವರ್‌ನ ರಾಚೆಟ್ ಅಡ್ಜಸ್ಟರ್ ಪ್ಲೇಟ್ ನೋಡಿಸಿ, ಅದು ಒಂದು ಕಡೆ ಜರುಗಿದ್ರೆ ಮೇಲಕ್ಕೆ ಸಿಗೋ ಗೇರ್ ಕೆಳಕ್ಕೆ ಸಿಗಲ್ಲ, ಕೆಳಕ್ಕೆ ಸಿಗೋದು ಮೇಲಕ್ಕೆ ಸಿಗಲ್ಲ. ನಿಮ್ಮ ಗಾಡಿ ಗೇರ್‌ಬಾಕ್ಸ್‌ಗೂ ಇಂಜಿನ್ ಆಯಿಲ್‌ಗೂ ಸಂಬಂಧ ಇಲ್ಲ, ಅದಕ್ಕೆ ಬೇರೆಯಾಗೇ ಹಾಕಬೇಕು, ಸೋರಿ ಖಾಲಿಯಾಗಿದ್ರೂ ಇದೇ ಥರ ಆಗುತ್ತೆ, ಮಟ್ಟ ನೋಡಿ.

ಪ್ರಶ್ನೆ: ಅಣ್ಣಾ, ನನ್ ಫ್ರೆಂಡ್ಸ್ ಎಲ್ಲಾ ಕ್ಲಚ್ ಹಿಡೀದೇ ಗೇರ್ ಹಾಕ್ತಾರೆ, ರೇಸ್ ಬೈಕಲ್ಲಿ ಹಂಗೇ ಅಂತಾರೆ. ಗೇರ್‌ಬಾಕ್ಸ್ ಹಾಳಾಗುತ್ತಾ?
— ದಾವಣಗೆರೆಯ ಕಾಲೇಜು ವಿದ್ಯಾರ್ಥಿ

ಉತ್ತರ: ತಮ್ಮಾ, ರೇಸ್ ಬೈಕಲ್ಲಿ ಕ್ವಿಕ್‌ಶಿಫ್ಟರ್ ಅಂತ ಇರುತ್ತೆ, ಲಿವರ್ ಒತ್ತಿದ ಕ್ಷಣ ಅದು ಇಂಜಿನ್ ಎಳೆತವನ್ನ ಕಣ್ಣು ಮಿಟುಕಿಸೋದರೊಳಗೆ ತಡೆದು ಬಿಡುತ್ತೆ, ಡಾಗ್ ಮೇಲಿನ ಭಾರ ಇಳಿದು ಗೇರ್ ಜಾರುತ್ತೆ. ನಿನ್ನ ಗಾಡಿಯಲ್ಲಿ ಅದಿಲ್ಲ. ಆಕ್ಸಿಲರೇಟರ್ ಸರಿಯಾದ ಹೊತ್ತಿಗೆ ಬಿಟ್ಟು ಮೇಲಿನ ಗೇರ್ ಹಾಕೋದು ಪಳಗಿದವರಿಗೆ ಸಾಧ್ಯ, ಆದ್ರೆ ತಪ್ಪಿದ ಪ್ರತೀ ಸಲ ಪೆಟ್ಟು ಬೀಳೋದು ಡಾಗ್‌ನ ಅಂಚಿಗೇ, ಮೇಲೆ ತೀರ್ಥಹಳ್ಳಿ ಮೇಡಂಗೆ ಬರೆದಿದೀನಲ್ಲ ಅದನ್ನ ಓದು. ಕೆಳಗಿನ ಗೇರ್‌ಗಂತೂ ಕ್ಲಚ್ ಇಲ್ದೆ ಹಾಕ್ಲೇಬೇಡ. ಇನ್ನೊಂದು ವಿಷ್ಯ, ಓಡಿಸೋವಾಗ ಕಾಲನ್ನ ಗೇರ್ ಲಿವರ್ ಮೇಲೆ ಇಟ್ಕೊಂಡೇ ಇರೋ ಅಭ್ಯಾಸ ಇದ್ರೆ ಬಿಡು, ಆ ಸಣ್ಣ ಒತ್ತಡಾನೂ ಒಳಗೆ ಫೋರ್ಕ್ ತುದಿಯನ್ನ ತಿರುಗ್ತಿರೋ ಗೇರ್‌ಗೆ ಉಜ್ಜಿಸ್ತಾನೇ ಇರುತ್ತೆ.